ನೂರಾ ಹನ್ನೆರಡು ಸಲ ಸತ್ತ ಕೂಸುಗಳು

ವೈದ್ಯಕೀಯ ಸಂಶೋಧನಾ ಪ್ರಶಸ್ತಿಯ ಆಯ್ಕೆ ಸಮಿತಿ ಅಧ್ಯಕ್ಷರ ಸಮಕ್ಷಮಕ್ಕೆ

ಮಾನ್ಯರೇ,

ಈ ವರ್ಷ ನೀವು ಯಾವ ದೊಡ್ಡ ಡಾಕ್ಟರಿಗೆ ಶಾಲು ಹೊದಿಸಲು ಹೊರಟಿದ್ದೀರೋ, ಆ ಡಾಕ್ಟರು ನಮ್ಮೂರಿನ ಹದಿನೇಳು ಜೀವಂತ ಮಕ್ಕಳನ್ನು ಸತ್ತವೆಂದು ಬರೆದು ಅಚ್ಚು ಹಾಕಿಸಿದ್ದಾರೆ. ಆ ಹದಿನೇಳೂ ನನ್ನ ಕೈಯಲ್ಲಿ ಹುಟ್ಟಿದವು. ನಾನು ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯ ಸೂಲಗಿತ್ತಿ. ಊರಿನ ಹೆಸರು ಹೇಳುವುದಿಲ್ಲ. ಅದನ್ನು ಮೆರೆಸುವ ಕೆಲಸವನ್ನು ನಿಮ್ಮ ಡಾಕ್ಟರು ಆಗಲೇ ಬೇಕಾದಷ್ಟು ಮಾಡಿದ್ದಾರೆ.

ನಿಮ್ಮ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿ ನನಗೆ ಓದಿ ಹೇಳಿದವನು ನನ್ನ ತಮ್ಮನ ಮಗ ನಾಗೇಂದ್ರಪ್ಪ. ಹಗರಿಬೊಮ್ಮನಹಳ್ಳಿಯಲ್ಲಿ ಆರೋಗ್ಯ ಇಲಾಖೆಯ ನೌಕರ. ಸಂಬಳದ ಮನುಷ್ಯ, ಅದಕ್ಕೇ ಮೆಲ್ಲಗೆ ಮಾತಾಡುತ್ತಾನೆ.

"ಅತ್ತಿ, ಇವ್ರು ನಲವತ್ತೆರಡು ಪ್ರಬಂಧ ಬರದಾರಂತ. ಅದರಾಗ ನಮ್ಮೂರ ಕೂಸುಗಳ ಮ್ಯಾಲೆ ಬರದಿದ್ದು ಐತಲ್ಲ, ಅದೊಂದನ್ನ ನೂರಾ ಹನ್ನೆರಡು ಸಲ ಎತ್ತಿ ಹೇಳ್ಯಾರಂತ."

"ಯಾರು ಹೇಳ್ಯಾರ? ಎಲ್ಲಿ ಹೇಳ್ಯಾರ?"

"ಬ್ಯಾರೆ ಡಾಕ್ಟರು, ತಮ್ಮ ತಮ್ಮ ಪ್ರಬಂಧದಾಗ. ಇಂಥವ್ರು ಹಿಂಗ ಬರದಾರ ಅಂತ ಹೆಸರು ಹಾಕಿ ಬರೀತಾರ. ಎಷ್ಟು ಮಂದಿ ಹೆಸರು ಎತ್ತತಾರ ಅಷ್ಟು ದೊಡ್ಡವ್ರು ಅಂತ ಲೆಕ್ಕ."

"ಆ ನೂರಾ ಹನ್ನೆರಡು ಮಂದ್ಯಾಗ ನಮ್ಮೂರಿಗಿ ಬಂದು ನೋಡಿದವ್ರು ಎಷ್ಟು ಮಂದಿಪಾ?"

ನಾಗೇಂದ್ರಪ್ಪ ಪತ್ರಿಕೆ ಮಡಚಿ ಮೊಣಕಾಲ ಕೆಳಗಿಟ್ಟುಕೊಂಡ. "ಅದನ್ನೇನು ಬರದಿಲ್ಲತ್ತಿ."

ಅಧ್ಯಕ್ಷರೇ, ಅವತ್ತು ನನಗೆ ಹೊಟ್ಟೆಕಿಚ್ಚು ಹತ್ತಿತು. ಮುಚ್ಚಿಡುವುದಿಲ್ಲ. ನ್ಯಾಯ, ಸತ್ಯ, ಸಮಾಜದ ಹಿತ ಎಂದು ಬರೆದರೆ ಚೆನ್ನಾಗಿರುತ್ತದೆ ಎಂದು ನಾಗೇಂದ್ರಪ್ಪ ಹೇಳಿದ. ಅವನು ತಿದ್ದಿದ್ದು ನನ್ನ ಕಾಗುಣಿತವನ್ನು ಮಾತ್ರ, ಕಿಚ್ಚನ್ನು ತಿದ್ದಲು ನಾನು ಬಿಟ್ಟಿಲ್ಲ. ಹೆಸರು ಎಷ್ಟು ಸಲ ಎತ್ತಿದರು ಎನ್ನುವುದೇ ದೊಡ್ಡತನದ ಅಳತೆಯಾದರೆ, ನಲವತ್ತು ವರ್ಷ ನಮ್ಮ ಸುತ್ತಿನ ಹೆಂಗಸರು ನೋವು ಶುರುವಾದ ಕೂಡಲೇ ಯಾರ ಹೆಸರು ಕೂಗಿದರು? ಹಡೆದ ತಾಯಿಯನ್ನೂ ಬಿಟ್ಟು, ಮನೆದೇವರನ್ನೂ ಬಿಟ್ಟು, "ಗಾಳೆವ್ವನ್ನ ಕರೀರಿ" ಎಂದೇ ಕೂಗಿದರು. ಆ ಕೂಗುಗಳನ್ನು ಬರೆದಿಡುವ ಪತ್ರಿಕೆ ನಿಮ್ಮಲ್ಲಿ ಯಾವುದಿದೆ? ನಿಮ್ಮ ಡಾಕ್ಟರ ಹೆಸರನ್ನು ಹಿಂದೆಮುಂದೆ ನೋಡದೆ ಎತ್ತಿದವರು ನೂರಾ ಹನ್ನೆರಡು ಜನ. ನನ್ನ ಹೆಸರು ಎತ್ತಿದವರೆಲ್ಲ ಜೀವ ಕೈಯಲ್ಲಿ ಹಿಡಿದು ಎತ್ತಿದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಿ ನೋಡೋಣ.

ಈಗ ನಡೆದದ್ದನ್ನು ಕೇಳಿ. ಎಂಟು ವರ್ಷದ ಹಿಂದೆ ಆ ಡಾಕ್ಟರು ನಮ್ಮೂರಿಗೆ ಬಂದರು. ಮೂರು ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಹಿಂದಿನ ಹನ್ನೆರಡು ತಿಂಗಳಲ್ಲಿ ಊರಲ್ಲಿ ಹುಟ್ಟಿದ ಕೂಸುಗಳೆಷ್ಟು ಎಂದು ನನ್ನನ್ನು ಕೇಳಿ ಬರೆದುಕೊಂಡರು. ನಾನು ಮೂರನೇ ಇಯತ್ತೆಯವರೆಗೆ ಓದಿದವಳು, ಆದರೆ ಕೂಸುಗಳ ವಿಷಯಕ್ಕೆ ನನಗೆ ಕಾಗದ ಬೇಡ. ನಲವತ್ತಾರು ಹೆಸರು ಹೇಳಿದೆ. ಯಾರ ಮಗಳು, ಚೊಚ್ಚಲೋ ಎರಡನೆಯದೋ, ತಲೆ ಮೊದಲು ಬಂತೋ ಕಾಲು ಮೊದಲು ಬಂತೋ, ಕೂಸಿನ ಹಿಂದಿನ ಕಸ, ಅಂದರೆ ಮಾಸು, ಬೀಳಲು ಎಷ್ಟು ಹೊತ್ತು ಹಿಡಿಯಿತು, ಎಲ್ಲ ಹೇಳಿದೆ. ಅವರು ನಮ್ಮ ಮನೆಯ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ತಿಂದು, "ಅಮ್ಮಾ, ನೀವೇ ಒಂದು ಗ್ರಂಥಾಲಯ" ಎಂದರು. ಹಾಗೆಂದರೇನು ಎಂದು ಶಾಲೆಯ ಮಾಸ್ತರರನ್ನು ಕೇಳಿ ತಿಳಿದುಕೊಂಡು ನಾಲ್ಕು ದಿನ ಬೀಗಿದೆ. ಆಮೇಲೆ ಅಚ್ಚಾದ ಪ್ರಬಂಧದಲ್ಲಿ ನಾನು ಏನಾಗಿದ್ದೇನೆ ಗೊತ್ತೇ? "ತರಬೇತಿ ಇಲ್ಲದ ಒಬ್ಬ ಮುದುಕಿ". ಆಗ ನನಗಿನ್ನೂ ಐವತ್ತೈದು. ಒಂದು ಹಲ್ಲೂ ಬಿದ್ದಿರಲಿಲ್ಲ.

ವರ್ಷ ಕಳೆದ ಮೇಲೆ, ಆ ಕೂಸುಗಳು ಹೇಗಿವೆ ನೋಡಿಕೊಂಡು ಬನ್ನಿ ಎಂದು ಡಾಕ್ಟರು ತಮ್ಮ ಕೈಕೆಳಗಿನ ಇಬ್ಬರನ್ನು ಕಳಿಸಿದರು. ಬಂದದ್ದು ಶೇಂಗಾ ಕೀಳುವ ಸುಗ್ಗಿಯಲ್ಲಿ. ಊರಿಗೆ ಊರೇ ಹೊಲದಲ್ಲಿ. ಅವರ ಕಾಗದದಲ್ಲಿ ಪ್ರತಿ ಕೂಸಿನ ಮುಂದೆ ಎರಡೇ ಚೌಕ: "ಇದೆ", "ಇಲ್ಲ". ಮನೆಯಲ್ಲಿ ಕೂಸು ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಹತ್ತೊಂಬತ್ತು ಕೂಸಿಗೆ "ಇಲ್ಲ" ಎಂದು ಗೀಟು ಹಾಕಿಕೊಂಡು ಸಂಜೆ ಬಸ್ಸಿಗೇ ಹೋದರು. ನನ್ನ ಬಾಗಿಲು ತಟ್ಟಲಿಲ್ಲ. ಪಟ್ಟಣದಲ್ಲಿ ಆ ಹತ್ತೊಂಬತ್ತೂ ಸತ್ತವು ಎಂದಾಯಿತು. ಹತ್ತಕ್ಕೆ ನಾಲ್ಕು ಕೂಸು ವರ್ಷ ತುಂಬುವ ಮೊದಲೇ ಸಾಯುವ ಊರು ನಮ್ಮದು ಎಂದಾಯಿತು. ಕಾರಣ, ಆ ಮುದುಕಿಯ ಕೈ.

ಅಧ್ಯಕ್ಷರೇ, ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳು ಇರಬಹುದು. ಚೊಚ್ಚಲ ಹೆರಿಗೆಗೆ ಮಗಳು ಎಲ್ಲಿಗೆ ಬರುತ್ತಾಳೆ? ತವರಿಗೆ. ಬಾಣಂತನ ಮುಗಿಸಿ, ತೊಟ್ಟಿಲಿಗೆ ಹಾಕಿಸಿ, ಐದು ತಿಂಗಳಿಗೆ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತಾಳೆ? ಗಂಡನ ಮನೆಗೆ. ನಮ್ಮೂರಲ್ಲಿ ಮುಕ್ಕಾಲು ಮನೆ ಒಂದೇ ಬೆಡಗು. ಒಂದೇ ಬೆಡಗಿನವರೆಂದರೆ ಅಣ್ಣತಂಗಿ, ಊರೊಳಗೆ ಸಂಬಂಧ ಬೆಳೆಸುವಂತಿಲ್ಲ. ಹುಟ್ಟಿದ ಹೆಣ್ಣೆಲ್ಲ ಹೊರಗೆ ಹೋಗಬೇಕು: ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಗೆ. ನಮ್ಮೂರಲ್ಲಿ ಹುಟ್ಟಿದ ಚೊಚ್ಚಲ ಕೂಸು ವರ್ಷದ ಮೇಲೆ ನಮ್ಮೂರಲ್ಲಿ ಇದ್ದರೇ ಚಿಂತೆ ಮಾಡಬೇಕು, ಮಗಳು ಗಂಡನ ಬಿಟ್ಟು ಬಂದಳೇನೋ ಎಂದು! ಇದನ್ನು ತಿಳಿಯಲು ನಲವತ್ತೆರಡು ಪ್ರಬಂಧ ಬೇಕೇ? ಬಾವಿಕಟ್ಟೆಯಲ್ಲಿ ನೀರು ಸೇದುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಹತ್ತಕ್ಕೆ ನಾಲ್ಕು ಕೂಸು ಸಾಯುವ ಊರಿನಲ್ಲಿ ಕೂಸು ಹೂಳಿದ ಒಂದು ಹೊಸ ಗುಂಡಿಯ ಗುರುತೂ ಕಾಣುವುದಿಲ್ಲವಲ್ಲ ಎಂದು ಒಬ್ಬ ವಿದ್ವಾಂಸನಿಗೂ ಅನ್ನಿಸಲಿಲ್ಲವೇ?

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಪ್ರಬಂಧದಲ್ಲಿ ಇನ್ನೊಂದು ಊರಿದೆ. ಹೋಲಿಸಿ ನೋಡಲು ಎರಡು ಊರು ತೆಗೆದುಕೊಂಡರಂತೆ. ತಂಬ್ರಹಳ್ಳಿ ಕಡೆಯ ಆ ಊರು "ಎ ಗ್ರಾಮ", ನಮ್ಮದು "ಬಿ ಗ್ರಾಮ". ಎ ಗ್ರಾಮದ ಸೂಲಗಿತ್ತಿ ಹಂಪಮ್ಮ. ಅವಳ ಓಣಿಯಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಕೊಡುವುದು ಕಡಿಮೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಅಲ್ಲೇ ಕೊಡುತ್ತಾರೆ. ತವರು ಈ ಬದಿ, ಗಂಡನ ಮನೆ ಆ ಬದಿ, ನಡುವೆ ಒಂದು ಹುಣಸೆಮರ. ಹುಟ್ಟಿದ ಕೂಸು ಅಲ್ಲೇ ತೆವಳುತ್ತದೆ, ಅಲ್ಲೇ ನಡೆಯುತ್ತದೆ. ವರ್ಷದ ಮೇಲೆ ಹೋದರೂ ಎಲ್ಲಕ್ಕೂ "ಇದೆ" ಎಂದೇ ಗೀಟು. ಹೀಗೆ ಹಂಪಮ್ಮ ಪ್ರಬಂಧದ ಪುಣ್ಯದಿಂದ ಅಪ್ರತಿಮ ಸೂಲಗಿತ್ತಿಯಾದಳು. ಸರ್ಕಾರದ ತರಬೇತಿಗೆ ಅವಳನ್ನು ಕರೆದರು. ಕತ್ತರಿ, ದಾರ, ಸೋಪು ಇಟ್ಟ ಅಲ್ಯುಮಿನಿಯಂ ಪೆಟ್ಟಿಗೆ ಕೊಟ್ಟರು. ಒಂದು ಹಸಿರು ಸೀರೆ ಉಡಿಸಿ, ಅಧಿಕಾರಿಗಳ ಪಕ್ಕ ನಿಲ್ಲಿಸಿ ಫೋಟೋ ಹೊಡೆದರು. ಪ್ರಬಂಧದ ಕೊನೆಯಲ್ಲಿ ಧನ್ಯವಾದ ಹೇಳುವ ಜಾಗದಲ್ಲಿ ಅವಳ ಹೆಸರಿದೆ, ಪೂರ್ತಿ ಹೆಸರು. ನಾಲ್ಕು ಕೂಸು ತಿರುಗಿ ನಿಂತ ಹೊತ್ತಿನಲ್ಲಿ ನಾಲ್ಕು ಸಲವೂ ನನಗೆ ಹೇಳಿ ಕಳಿಸಿದವಳು ಅವಳು! ತರಬೇತಿಯ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದನ್ನು ನಾಗೇಂದ್ರಪ್ಪ ಕಣ್ಣಾರೆ ನೋಡಿದ್ದಾನೆ.

ಆ ಮೇಲೆ ನಮ್ಮ ಬಸ್ಸಿನ ಕಂಡಕ್ಟರನೂ ಕಲಿತ. ನಮ್ಮೂರು ಬಂದರೆ, "ಬಿ ಗ್ರಾಮ, ಇಳೀರಿ ಇಳೀರಿ" ಎನ್ನುತ್ತಾನೆ. ಜನ ನಗುತ್ತಾರೆ. ತರಬೇತಿ ಕೊಡುವ ಮೇಡಮ್ಮನವರು ಊರೂರಲ್ಲಿ ಉದಾಹರಣೆ ಕೊಡುತ್ತಾರೆ. ಏಳು ವರ್ಷದಲ್ಲಿ ನಮ್ಮೂರಿಗೆ ಬಾಣಂತನಕ್ಕೆ ಬರುವ ಮಗಳಂದಿರು ಕಡಿಮೆಯಾಗುತ್ತ ಆಗುತ್ತ, ಈ ಬೇಸಿಗೆಯಲ್ಲಿ ಇಬ್ಬರೇ ಬಂದರು. ಆಸ್ಪತ್ರೆಗೆ ಹೋದರೆ ನನಗೆ ಸಂತೋಷವೇ. ಹೊಟ್ಟೆಯಲ್ಲಿ ಕೂಸು ಅಡ್ಡ ಬಿದ್ದರೆ ತಾಯಿಯನ್ನು ನಾನೇ ಗಾಡಿ ಕಟ್ಟಿಸಿ ಕೂಡ್ಲಿಗಿ ಆಸ್ಪತ್ರೆಗೆ ಕಳಿಸಿದವಳು. ಆದರೆ ಅವರು ಆಸ್ಪತ್ರೆಗೆ ಹೋಗುತ್ತಿಲ್ಲ. ಅತ್ತೆಮನೆಯಲ್ಲಿ, ಗುರುತಿಲ್ಲದ ಕೈಯಲ್ಲಿ, ನಾಚಿಕೆಗೆ ತುಟಿ ಕಚ್ಚಿಕೊಂಡು ಹಡೆಯುತ್ತಿದ್ದಾರೆ.

ಈಗ ಆ ಬೆಂಕಿ ನನ್ನ ಮನೆಗೇ ಬಂದಿದೆ. ನನ್ನ ಮಗನ ಮಗಳು ಉಚ್ಚಂಗೆಮ್ಮ ಚೊಚ್ಚಲ ಬಸುರಿ. ಅವಳನ್ನು ಕೊಟ್ಟ ಊರು ಹಂಪಮ್ಮನ ಊರಿಗೆ ಒಂದೇ ಮೈಲಿ. ನಮ್ಮಲ್ಲಿ ಮಗಳನ್ನು ಏಳು ತಿಂಗಳಲ್ಲಿ ಇಲ್ಲವೇ ಒಂಬತ್ತರಲ್ಲಿ ಕರೆತರುತ್ತಾರೆ, ಎಂಟರಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಏಳಕ್ಕೆ ನಾನೇ ಕುಪ್ಪಸ, ಹೂವು, ಬುತ್ತಿ ಕಟ್ಟಿಕೊಂಡು ಹೋದೆ. ಬೀಗತಿ ದುರುಗಮ್ಮ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಸೊಸೆಯನ್ನು ಮಾತ್ರ ಕೊಡಲಿಲ್ಲ.

"ತಪ್ಪು ತಿಳ್ಕಾಬ್ಯಾಡ್ರಿ ದೊಡ್ಡವ್ವ. ನಿಮ್ಮೂರಾಗ ಹತ್ತಕ್ಕ ನಾಕು ಕೂಸು ಹೋಗ್ತಾವಂತ. ಪುಸ್ತಕದಾಗ ಬಂದೈತಿ."

"ದುರುಗಮ್ಮ, ನಿನ್ನ ಸೊಸಿ ಹುಟ್ಟುವಾಗ ಕೈಯಾಗ ಹಿಡದಾಕಿ ನಾನು. ಆಕಿ ಅಪ್ಪನ್ನ ಹಡದಾಕಿ ನಾನು. ಅವ್ರು ಹೋದ್ರೇನು?"

"ನಿಮ್ಮ ಮ್ಯಾಲೆ ಸಿಟ್ಟಿಲ್ಲವ್ವ. ಆದ್ರ ಅಚ್ಚು ಹಾಕಿದ್ದು ಸುಳ್ಳು ಅಂತ ಹೆಂಗ ಅನ್ನಾಕ ಬರ್ತೈತಿ? ಹಂಪಕ್ಕಗ ಹೇಳೀವಿ. ಆಕಿ ಬರ್ತಾಳ, ಪೆಟ್ಟಿಗಿ ತಗಂಡು."

ಉಚ್ಚಂಗಿ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಟ್ಟಿದ ಬುತ್ತಿಯನ್ನು ಅಲ್ಲೇ ಬಿಟ್ಟು ಬಂದೆ.

ಅಲ್ಲಿಂದ ಬಂದವಳೇ ನಾಗೇಂದ್ರಪ್ಪನಿಗೆ ಗಂಟು ಬಿದ್ದೆ. ಡಾಕ್ಟರ ಜನ ಗೀಟು ಹಾಕಿದ ಪಟ್ಟಿಯ ಒಂದು ಪ್ರತಿ ಅವನ ಕಚೇರಿಯ ಬೀರುವಿನಲ್ಲಿತ್ತು. ಆ ಹತ್ತೊಂಬತ್ತು ಹೆಸರು ಓದಿಸಿದೆ. ನಂತರ ಹುಡುಕಲು ಹೊರಟೆ, ಒಬ್ಬಳೇ. ಹದಿನೈದು ದಿನ, ಕಂಡ ಕಂಡ ಬಸ್ಸು ಹತ್ತಿದೆ. ಕೊಟ್ಟೂರಿನ ಕಡೆ ಐದು ಸಿಕ್ಕವು. ಹಡಗಲಿ ಕಡೆ ನಾಲ್ಕು, ಹರಪನಹಳ್ಳಿ ಕಡೆ ಆರು. ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಹಿಂದಿನ ಗುಡಿಸಲಲ್ಲಿ ಒಬ್ಬಳು. ಎಂಟು ವರ್ಷದ ಮಕ್ಕಳು, ಅಧ್ಯಕ್ಷರೇ. ಒಬ್ಬ ನನ್ನ ಮುಂದೆ ಹದಿನಾರರ ಮಗ್ಗಿ ಹೇಳಿದ. ಒಬ್ಬಳು ನನ್ನ ಎಲೆಯಡಿಕೆ ಚೀಲ ಕಸಿದುಕೊಂಡು ಓಡಿದಳು. ಅಷ್ಟು ಜೋರಾಗಿ ಓಡುವ ಸತ್ತ ಕೂಸನ್ನು ನಾನಂತೂ ನೋಡಿರಲಿಲ್ಲ.

ಎರಡು ಸಿಗಲಿಲ್ಲ. ಒಂದು ಕೊಟ್ಟೂರಿನ ಕಡೆ ಹತ್ತು ತಿಂಗಳಿದ್ದಾಗ ವಾಂತಿಭೇದಿಗೆ ಹೋಗಿತ್ತು. ಇನ್ನೊಂದು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ, ಅದು ಮೂರನೇ ದಿನ ನನ್ನ ತೊಡೆಯ ಮೇಲೇ ಹೋದದ್ದು. ಡಾಕ್ಟರಿಗೆ ಅದನ್ನೂ ಹೇಳಿದ್ದೆ. ಹೇಳುವಾಗ ಅತ್ತಿದ್ದೆ. ಅವರು ಬರೆಯುವುದನ್ನು ನಿಲ್ಲಿಸಿ ಕಾದಿದ್ದರು. ಒಳ್ಳೆಯ ಮನುಷ್ಯರೇ ಅವರು, ಅದನ್ನೂ ಬರೆದುಬಿಡುತ್ತೇನೆ.

ಹದಿನೇಳನೆಯ ಕೂಸು ಎಲ್ಲಿತ್ತೆಂದರೆ, ಹಂಪಮ್ಮನ ಮನೆಯಲ್ಲಿ! ಅವಳ ಸೊಸೆ ಎರ್ರೆಮ್ಮ ನಮ್ಮೂರ ಮಗಳು. ಚೊಚ್ಚಲಿಗೆ ತವರಿಗೆ ಬಂದು ನನ್ನ ಕೈಯಲ್ಲಿ ಗಂಡು ಹಡೆದು ಹೋಗಿದ್ದಳು. ಹಂಪಮ್ಮನ ಮನೆಯ ಮೆಟ್ಟಿಲು ಹತ್ತಬಾರದೆಂದು ಏಳು ವರ್ಷ ಪಟ್ಟು ಹಿಡಿದಿದ್ದವಳು ಪಟ್ಟಿ ಮುಗಿಸಲೆಂದು ಹತ್ತಿದೆ. ಗೋಡೆಯ ಮೇಲೆ ಮೊದಲು ಕಂಡದ್ದೇ ಆ ಫೋಟೋ. ಸೀರೆಯ ಸೆರಗು ಸರಿಯಾಗಿ ಹೊದ್ದಿಲ್ಲ ಎಂದು ನೋಡಿ ಸ್ವಲ್ಪ ತಂಪಾಯಿತು. ಹಂಪಮ್ಮ ಒಲೆಯ ಮುಂದಿದ್ದಳು; ನಾನು ಪಟ್ಟಿ ಹಿಡಿದು ತಿರುಗುವ ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು.

"ಬಾ ಗಾಳೆವ್ವ. ನಿನ್ನ ಪಟ್ಟಿ ಹೆಣ ಒಳಗ ರೊಟ್ಟಿ ತಿನ್ನಾಕತ್ತೈತಿ, ನೋಡು."

ಸುಂಕಪ್ಪ ಎಂಬ ಆ ಹೆಣ ತಾಟಿನಿಂದ ತಲೆ ಎತ್ತಿ, "ಇನ್ನೊಂದು ಕೊಡಬೇ" ಎಂದಿತು.

"ನಿನಗ ಗೊತ್ತಿತ್ತಲ್ಲ ಹಂಪಿ? ಕೂಸು ಮನ್ಯಾಗ ಆಡತೈತಿ, ಕಾಗದದಾಗ ಸತ್ತೈತಿ ಅಂತ ಗೊತ್ತಿತ್ತು. ಯಾಕ ಹೇಳಲಿಲ್ಲ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಹೇಳಿದ್ರ ಪೆಟ್ಟಿಗಿ ಕಸಗೊಂತಿದ್ರು. ನೀನಾಗಿದ್ರ ಹೇಳ್ತಿದ್ದೇನು?"

ಅಧ್ಯಕ್ಷರೇ, ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಇಲ್ಲಿಯೂ ಕೊಡುವುದಿಲ್ಲ.

"ಉಚ್ಚಂಗಿ ಹೆರಿಗಿಗಿ ನೀ ಹೋಗಬ್ಯಾಡ," ಎಂದೆ. ಕೇಳಿದ್ದಲ್ಲ, ಬೇಡಿದ್ದು.

"ನನ್ನ ಮನಿ ಮೊದಲ ಮೊಮ್ಮಗನ್ನ ನೀ ಹಿಡದಿ. ಅವತ್ತು ಇಡೀ ದಿನ ಈ ಒಲಿ ಮುಂದ ಕುಂತಿದ್ದೆ, ಸುದ್ದಿ ಯಾವಾಗ ಬರ್ತೈತಿ ಅಂತ. ಆ ಉರಿ ಹೆಂಗಿರ್ತೈತಿ ಈಗ ನೋಡು." ಆಮೇಲೆ ದನಿ ಇಳಿಸಿದಳು. "ಕರದ್ರ ಹೋಗಲೇಬೇಕು ಗಾಳೆವ್ವ. ಬರಂಗಿಲ್ಲ ಅನ್ನಾಕ ನಮ್ಮ ಕೆಲಸದಾಗ ಬರಂಗಿಲ್ಲ. ಅದು ನಿನಗೂ ಗೊತ್ತು."

ಗೊತ್ತು. ಅದಕ್ಕೇ ಇನ್ನೂ ಉರಿಯಿತು. ಆದರೂ ಬರುವಾಗ ಅವಳು ಒಂದು ಕೆಲಸ ಮಾಡಿದಳು. ನನ್ನ ಪಟ್ಟಿಯಲ್ಲಿ ಸುಂಕಪ್ಪನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿ, "ನಮ್ಮ ಮನ್ಯಾಗ ಅದಾನ ಅಂತ ಬರಕೊ" ಎಂದಳು. ಪೆಟ್ಟಿಗೆ ಹೋದರೂ ಹೋಗಲಿ ಎಂದೇ ಒತ್ತಿರಬೇಕು. ಇಂಥವಳ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಆಗುವುದಿಲ್ಲ.

ಆ ಪಟ್ಟಿಯನ್ನು, ಹದಿನೇಳು ಮನೆಯವರ ಸಹಿ ಮತ್ತು ಹೆಬ್ಬೆಟ್ಟಿನ ಸಮೇತ, ನಾಗೇಂದ್ರಪ್ಪನ ಕೈಯಲ್ಲಿ ಬರೆಸಿ ಆ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಕಳಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಪ್ರಕಟವಾದ ಪ್ರಬಂಧದ ಬಗ್ಗೆ ಆಕ್ಷೇಪಣೆ ಇದ್ದರೆ ಅದನ್ನು ಪ್ರಬಂಧದ ರೂಪದಲ್ಲೇ, ಇಂಗ್ಲಿಷಿನಲ್ಲಿ, ಹಿಂದಿನ ವಿದ್ವಾಂಸರನ್ನು ಉಲ್ಲೇಖಿಸಿ ಕಳಿಸಬೇಕಂತೆ. ಆಗಲಿ. ನಾನು ಉಲ್ಲೇಖಿಸುವ ವಿದ್ವಾಂಸರು ಹದಿನೇಳು ಜನ. ಎಲ್ಲರೂ ಎರಡನೆಯದೋ ಮೂರನೆಯದೋ ತರಗತಿಯಲ್ಲಿದ್ದಾರೆ. ಸಾಲದೇ? ಡಾಕ್ಟರಿಗೂ ಬರೆದೆ. ಅವರು ವಿದೇಶ ಪ್ರವಾಸದಲ್ಲಿದ್ದಾರಂತೆ. ಯಾವ ಊರಿನ ಕೂಸುಗಳ ಬಗ್ಗೆ ಮಾತಾಡಲು ಎಂದು ನಾನು ಕೇಳಲಿಲ್ಲ.

ತಪ್ಪು ಯಾರಿಗೂ ಆಗುತ್ತದೆ. ನನಗೂ ಆಗಿದೆ, ಅವಳಿ ಎಂದು ತಿಳಿಯದೆ ಎರಡನೆಯ ಕೂಸಿಗೆ ಬಟ್ಟೆ ಇಲ್ಲದೆ ನನ್ನ ಸೆರಗನ್ನೇ ಹರಿದವಳು ನಾನು. ಆದರೆ ನನ್ನ ತಪ್ಪು ಅಲ್ಲೇ, ಆ ಕೋಣೆಯಲ್ಲೇ, ಕಿರುಚಿ ನನ್ನ ಮುಖಕ್ಕೆ ಹೇಳುತ್ತದೆ. ನಿಮ್ಮ ತಪ್ಪನ್ನು ನೂರಾ ಹನ್ನೆರಡು ಜನ ಹೊತ್ತು ಮೆರೆಸುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು. ಪ್ರತಿ ಸಲವೂ ನಮ್ಮ ಸುಂಕಪ್ಪ ಇನ್ನೊಮ್ಮೆ ಸಾಯುತ್ತಾನೆ, ನಿಮ್ಮ ಡಾಕ್ಟರು ಇನ್ನೊಂದಿಷ್ಟು ಎತ್ತರವಾಗುತ್ತಾರೆ. ಬೆಳೆಯಲು ಬೇರೆ ಗೊಬ್ಬರ ಸಿಗಲಿಲ್ಲವೇ?

ನನ್ನ ಬೇಡಿಕೆ ಕೇಳಿ. ಪ್ರಶಸ್ತಿ ಕೊಡಬೇಡಿ ಎನ್ನುವುದಿಲ್ಲ. ಉಳಿದ ನಲವತ್ತೊಂದು ಪ್ರಬಂಧ ನಿಜವಿದ್ದರೂ ಇರಬಹುದು. ಆದರೆ ಶಾಲು ಹೊದಿಸುವ ಮೊದಲು ಅವರ ಕೈಯಿಂದಲೇ ನಾಲ್ಕು ಸಾಲು ಬರೆಸಿ, ಅದೇ ಪತ್ರಿಕೆಯಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಹಾಕಿಸಿ: ಹತ್ತೊಂಬತ್ತರಲ್ಲಿ ಹದಿನೇಳು ಬದುಕಿವೆ, ಅವು ಅಪ್ಪನ ಮನೆಗೆ ಹೋಗಿದ್ದವು, ಹಿಡಿದ ಕೈಯ ತಪ್ಪಲ್ಲ. ಆ ನೂರಾ ಹನ್ನೆರಡು ಜನಕ್ಕೂ ಒಂದೊಂದು ಕಾಗದ ಹೋಗಲಿ. ನೂರಾ ಹದಿಮೂರನೆಯದನ್ನು ನಮ್ಮ ಬೀಗತಿ ದುರುಗಮ್ಮನಿಗೆ ಕಳಿಸಿ. ನನ್ನ ಮಾತು ಅವಳು ಕೇಳುವುದಿಲ್ಲ, ಅಚ್ಚಿನ ಮಾತು ಕೇಳುತ್ತಾಳೆ. ವಿಳಾಸ ನಾಗೇಂದ್ರಪ್ಪ ಕೊಡುತ್ತಾನೆ. ತಡ ಮಾಡಬೇಡಿ. ನಿಮಗೆ ಸಭೆ ಕರೆಯಬೇಕು, ಉಪಸಮಿತಿ ಮಾಡಬೇಕು, ಗೊತ್ತು. ಉಚ್ಚಂಗಿಗೆ ಎಂಟು ನಡೆಯುತ್ತಿದೆ. ಬರುವ ಹುಣ್ಣಿಮೆಗೆ ಒಂಬತ್ತಕ್ಕೆ ಬೀಳುತ್ತದೆ. ಕೂಸು ನಿಮ್ಮ ಸಭೆಗೆ ಕಾಯುವುದಿಲ್ಲ.

ನನಗೆ ಯಾವ ಬಹುಮಾನವೂ ಬೇಡ ಎಂದು ಕೊನೆಗೆ ಬರೆಯಲು ನಾಗೇಂದ್ರಪ್ಪ ಹೇಳಿದ, ಅದು ಗೌರವವಂತೆ. ಬರೆಯುವುದಿಲ್ಲ. ಬೇಕು. ಪೆಟ್ಟಿಗೆ ಬೇಕು, ಸೀರೆ ಬೇಕು, ಫೋಟೋ ಬೇಕು, ಪುಸ್ತಕದಲ್ಲಿ ಪೂರ್ತಿ ಹೆಸರು ಬೇಕು. ಇವೆಲ್ಲ ಆಗದಿದ್ದರೆ ಒಂದೇ ಬೇಕು. ಹುಣ್ಣಿಮೆಯ ಮಾರನೆಯ ದಿನ ಮತ್ತೆ ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ. ಹುಡುಗಿಯನ್ನು ಕಳಿಸಿದರೆ ಕರೆದುಕೊಂಡು ಬರುತ್ತೇನೆ. ಕಳಿಸದಿದ್ದರೆ ವಾಪಸು ಬರುವುದಿಲ್ಲ, ಆ ಮನೆಯ ಕಟ್ಟೆಯ ಮೇಲೇ ಕೂರುತ್ತೇನೆ. ನೋವು ಹತ್ತಿದ ದಿನ ಹಂಪಮ್ಮ ನನ್ನನ್ನು ದಾಟಿಕೊಂಡು ಒಳಗೆ ಹೋಗಲಿ. ನಾನು ಮುಚ್ಚಿದ ಬಾಗಿಲ ಈಚೆ ಕಿವಿಗೊಟ್ಟು ಕೂತಿರುತ್ತೇನೆ, ಉಚ್ಚಂಗಿ ಒಳಗಿನಿಂದ ಯಾರ ಹೆಸರು ಕೂಗುತ್ತಾಳೆ ಎಂದು.

ಇಂತಿ,
ತಾನೇ ಕೈಯಾರೆ ಸಹಿ ಮಾಡಿದ, ಈಗ ನಿಜಕ್ಕೂ ಮುದುಕಿಯಾದ,
ಗಾಳೆಮ್ಮ
ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು
೧೯೮೬